ಭಾನುವಾರದ ತರ್ಜುಮೆ

ಜನವರಿ ೯

ಕುಳ್ಳಿ,

ನಾನು ಪೋರ್ಚುಗೀಸ್ ಕಲಿಯಲು ಸೇರಿದ್ದೇನೆ. ನಗುವುದಿದ್ದರೆ ಈಗಲೇ ನಕ್ಕು ಮುಗಿಸು. ಮುಂದಿನದನ್ನು ಗಂಭೀರವಾಗಿ ಓದಬೇಕು.

ಬಸ್ ನಿಲ್ದಾಣದ ಎದುರಿಗೆ ಕನ್ನಡಕದ ಅಂಗಡಿ ಇದೆಯಲ್ಲ, ಅದರ ಮೇಲಿನ ಕೋಣೆಯಲ್ಲಿ ಒಬ್ಬ ಹೆಂಗಸು ಮನೆಪಾಠ ಹೇಳುತ್ತಾರೆ. ಗಂಡನ ಕೆಲಸದ ದೆಸೆಯಿಂದ ನೀನಿರುವ ಕಡೆಯೇ ಬಹಳ ವರ್ಷ ಇದ್ದು ಬಂದವರು. ಈ ಊರಿಗೆಲ್ಲ ಆ ಭಾಷೆ ಬಲ್ಲವರು ಅವರೊಬ್ಬರೇ. ನಾನು ಟೀಚರಮ್ಮ ಎನ್ನುತ್ತೇನೆ. ನನಗಿಂತ ಚಿಕ್ಕವರು, ನನಗಿಂತ ಜೋರು. ಆ ಮೆಟ್ಟಿಲಿಗೆ ಹಿಡಿಕೆ ಇಲ್ಲ. ಅಂಗಡಿಬೀದಿಯ ಪ್ರತಿಯೊಂದು ಮೆಟ್ಟಿಲಿಗೂ ಹಿಡಿಕೆ ಹಾಕಿಸಲೇಬೇಕೆಂದು ನಗರಸಭೆಯಲ್ಲಿ ಠರಾವು ಪಾಸಾದ ದಿನ ಅದನ್ನು ಶೀಘ್ರಲಿಪಿಯಲ್ಲಿ ಬರೆದುಕೊಂಡವಳು ನಾನೇ. ಮಂಡಿಸಿದವರು ಯಾರು, ಅನುಮೋದಿಸಿದವರು ಯಾರು, ಆಗ ಹಿಂದಿನ ಸಾಲಿನಲ್ಲಿ ಬಾಯಿ ತೆರೆದು ಆಕಳಿಸಿದವರು ಯಾರು, ಎಲ್ಲ ನೆನಪಿದೆ. ಹಿಡಿಕೆ ಮಾತ್ರ ಇನ್ನೂ ಬಂದಿಲ್ಲ. ಪತ್ರಿಕೆಗೆ ಬರೆದಿದ್ದೇನೆ. ಅವರು ಹಾಕಲಿಲ್ಲ. ಮತ್ತೆ ಬರೆಯುತ್ತೇನೆ.

ಯಾಕೆ ಕಲಿಯಬೇಕು ಎನ್ನುತ್ತೀಯ. ಕೇಳು. ನಿನ್ನ ಅತ್ತೆ, ನಮ್ಮ ಬೀಗಿತ್ತಿ, ಕೊರಳಿಗೆ ಹೊಲಿಗೆಯ ಕತ್ತರಿ ನೇತುಹಾಕಿಕೊಂಡೇ ವಿಡಿಯೋ ಫೋನಿನ ಮುಂದೆ ಕೂರುವ ಆ ಕತ್ತರಿಯಮ್ಮ, ಹೋದ ಭಾನುವಾರ ನನ್ನ ಮುಖವನ್ನೇ ನೋಡುತ್ತಾ ಮಾತಾಡಿದರು. ನನ್ನ ಲೋಟದ ಕಾಫಿ ಆರುವಷ್ಟು ಹೊತ್ತು ಮಾತಾಡಿದರು. ನಡುವೆ ಕೊರಳಿನ ಕತ್ತರಿ ತೆಗೆದು ಮೇಜಿನ ಮೇಲಿಟ್ಟರು. ಕಣ್ಣಲ್ಲಿ ನೀರಿತ್ತು. ಅದನ್ನೆಲ್ಲ ನೀನು ಕನ್ನಡಕ್ಕೆ ತಂದೆ: "ಚೆನ್ನಾಗಿ ಊಟ ಮಾಡ್ಬೇಕಂತೆ ಕಣಮ್ಮ, ನೀನು ಬಡವಾಗಿದ್ದೀಯಂತೆ."

ನಗರಸಭೆಯಲ್ಲಿ ನಾನು ಬರೆದುಕೊಂಡ ಮಾತುಗಳನ್ನು ಸಾಲಾಗಿ ಇಟ್ಟರೆ ನಿನ್ನ ಊರು ಮುಟ್ಟುತ್ತವೆ. ಯಾವ ಮಾತು ಎಷ್ಟು ಉದ್ದ ಇರುತ್ತದೆಂದು ನನಗೆ ಗೊತ್ತು. ಅಷ್ಟು ಉದ್ದದ ಊಟ ಯಾವುದೂ ಇಲ್ಲ.

ಅಳಿಯ ಈ ಸಲವೂ ಕಾಣಲಿಲ್ಲ. ಲಿಫ್ಟು ರಿಪೇರಿ ಡ್ಯೂಟಿ ಎಂದೆ. ನಿಮ್ಮ ಊರಿನ ಲಿಫ್ಟುಗಳು ಭಾನುವಾರವನ್ನೇ ಹುಡುಕಿಕೊಂಡು ಕೆಡುತ್ತವೆಯೇ?

ನಿನ್ನ ಅಮ್ಮ


ಜನವರಿ ೨೨

ಅಮ್ಮಾ,

ನಿನ್ನ ಪತ್ರ ಬಂತು. ನಗಲಿಲ್ಲ. ಆದರೆ ಒಂದು ಮಾತು ಹೇಳಲೇ? ಹಿಡಿಕೆಯಿಲ್ಲದ ಮೆಟ್ಟಿಲು ಹತ್ತಿ ಕಲಿಯುವಂಥ ಅಗತ್ಯ ಏನಿದೆ? ನಾನಿದ್ದೇನಲ್ಲ ನಡುವೆ. ಈ ಭಾಷೆ ಕಷ್ಟ. ನನಗೇ ಎರಡು ವರ್ಷ ಹಿಡಿಯಿತು. ಬರೆಯುವುದು ಒಂದು, ಬಾಯಲ್ಲಿ ಬರುವುದು ಇನ್ನೊಂದು, ಅರ್ಧ ಮಾತನ್ನು ನುಂಗಿಯೇ ಬಿಡುತ್ತಾರೆ. ಮಂಡಿ ನೋವು ಜಾಸ್ತಿ ಮಾಡಿಕೊಂಡು ನೀನು ಬಿದ್ದರೆ ಅಲ್ಲಿ ನೋಡುವವರು ಯಾರು?

ಅತ್ತೆಯದು ಮೊದಲಿಂದಲೂ ದೊಡ್ಡ ಮಾತು. ಒಂದು ಗುಂಡಿ ಹೊಲಿಯಬೇಕಾದರೂ ಗಿರಾಕಿಗೆ ಕಥೆ ಹೇಳುತ್ತಾರೆ. ಕಣ್ಣೀರೂ ಸುಲಭ ಅವರಿಗೆ. ನೀನು ಅದನ್ನೆಲ್ಲ ಅಷ್ಟು ಮನಸ್ಸಿಗೆ ಹಚ್ಚಿಕೊಳ್ಳಬೇಡ.

ನಮ್ಮ ಲ್ಯಾಬಿನಲ್ಲಿ ಕೆಲಸ ಜಾಸ್ತಿ. ನಿನ್ನೆ ಒಬ್ಬ ಮುದುಕರಿಗೆ ಮೇಲಿನ ಹಲ್ಲಿನ ಸೆಟ್ಟು ಮಾಡಿಕೊಟ್ಟೆ. ಹಳೇ ಫೋಟೋ ತಂದಿದ್ದರು, ಮದುವೆಯದು. ಮುಂದಿನ ಹಲ್ಲು ಒಂದು ಚೂರು ವಾರೆ ಇತ್ತು. ಹಾಗೇ ವಾರೆಯಾಗಿ ಇರಲಿ, ಇಲ್ಲದಿದ್ದರೆ ಹೆಂಡತಿ ಗುರುತು ಹಿಡಿಯುವುದಿಲ್ಲ ಅಂದರು. ವಾರೆಯಾಗೇ ಕೂರಿಸಿದೆ.

ನಿನ್ನ ಅಳಿಯ ಚೆನ್ನಾಗಿದ್ದಾನೆ. ಕೆಲಸದ ಮೇಲೆ ಬೇರೆ ಊರಲ್ಲಿದ್ದಾನೆ.

ಇಂತಿ,
ಮಗಳು


ಫೆಬ್ರುವರಿ ೪

ಕುಳ್ಳಿ,

ಬೀಳುವುದಿಲ್ಲ. ಗೋಡೆ ಹಿಡಿದು ಹತ್ತುತ್ತೇನೆ. ಗೋಡೆಯ ಸುಣ್ಣ ನನ್ನ ತೋಳಿಗೆ ಬರುತ್ತದೆ. ಅದನ್ನು ಒರೆಸಿಕೊಳ್ಳದೆ ಹಾಗೇ ನಗರಸಭೆಯ ಕಚೇರಿ ಮುಂದೆ ನಡೆದು ಮನೆಗೆ ಬರುತ್ತೇನೆ.

ಟೀಚರಮ್ಮನ ಪಾಠದ ರೀತಿ ಹೇಳಬೇಕು. ಕೋಣೆಯೊಳಗೆ ಕನ್ನಡ ಕೂಡದು. ಬಾಯಿತಪ್ಪಿ ಆಡಿದರೆ ಕಿಟಕಿ ತೆರೆದು ಅದೇ ಮಾತನ್ನು ಪೋರ್ಚುಗೀಸಿನಲ್ಲಿ ಬೀದಿಗೆ ಕೂಗಬೇಕು. ಮೊದಲ ವಾರ ನಾನು "ನನಗೆ ಬಾಯಾರಿಕೆ" ಎಂದು ಇಡೀ ಬಸ್ ನಿಲ್ದಾಣಕ್ಕೆ ಕೂಗಿದೆ. ಕೆಳಗಿನ ಕನ್ನಡಕದವನು ತಲೆ ಹೊರಹಾಕಿ "ಏನಮ್ಮಾ, ಇವತ್ತೂ ಸಿಕ್ಕಿಹಾಕ್ಕೊಂಡ್ರಾ?" ಎಂದ. "ನಿನ್ನ ಅಂಗಡಿ ಬೋರ್ಡಲ್ಲಿ ಎರಡು ಕಾಗುಣಿತ ತಪ್ಪಿದೆ, ಮೊದಲು ಅದು ನೋಡ್ಕೋ" ಎಂದೆ. ಅದು ಕನ್ನಡದಲ್ಲಿ ಅಂದದ್ದಕ್ಕೆ ಮತ್ತೆ ಕಿಟಕಿ.

ಪುಸ್ತಕ ಇಲ್ಲ. ಕಲಿಯುವವರು ತಾವು ನಿಜವಾಗಿ ಕೇಳಿದ ಮಾತೊಂದನ್ನು ತರಬೇಕು. ಅವರು ಅದನ್ನು ಬಿಡಿಸಿ, ಮಡಿಸಿ, ಮತ್ತೆ ಜೋಡಿಸಿ ತೋರಿಸುತ್ತಾರೆ. ನನ್ನ ಜೊತೆಗೆ ಹೊರದೇಶದ ಕಾರ್ಖಾನೆಗೆ ಹೊರಟ ಒಬ್ಬ ಬೆಸುಗೆಯವನು ಬರುತ್ತಾನೆ. ಅವನು ತರುವುದೆಲ್ಲ ಫುಟ್‌ಬಾಲ್ ನೋಡುವಾಗ ಕೇಳಿದ ಬೈಗುಳ. ನಾನು ತರುವುದು ಬೀಗಿತ್ತಿಯ ಮಾತು.

ನಿನಗೆ ಗೊತ್ತಿದೆ, ಯಾರು ಮಾತಾಡಿದರೂ ನನ್ನ ಬಲಗೈಯ ಬೆರಳು ತೊಡೆಯ ಮೇಲೆ ಬರೆಯುತ್ತಿರುತ್ತದೆ. ಸಿನಿಮಾ ನೋಡುವಾಗ ನೀನು ಆ ಬೆರಳು ಹಿಡಿದು ನಿಲ್ಲಿಸುತ್ತಿದ್ದೆ. ಶೀಘ್ರಲಿಪಿಗೆ ಅರ್ಥ ಬೇಕಾಗಿಲ್ಲ, ಸದ್ದು ಸಾಕು. ಬೀಗಿತ್ತಿ ಆಡಿದ್ದೂ ಹಾಗೆಯೇ ಬೆರಳಿಗೆ ಹತ್ತಿದೆ. ಪ್ರತಿ ಭಾನುವಾರ ಅವರು ಮಾತು ಮುಗಿಸುವುದು ಒಂದೇ ರೀತಿ. ನಿನ್ನ ಕಡೆ ತಿರುಗಿ, ತಗ್ಗಿದ ದನಿಯಲ್ಲಿ: ಕೊಂತಾ ಆ ತುವಾ ಮಾಂಯ್. ಅದನ್ನು ಟೀಚರಮ್ಮನ ಮುಂದೆ ಒಪ್ಪಿಸಿದೆ. ಕೊನೆಯ ಶಬ್ದವನ್ನು ಮೂಗಿನಲ್ಲಿ ಹೇಳಬೇಕು ಎಂದು ತಿದ್ದಿದರು. ಅದು 'ಅಮ್ಮ' ಎಂಬ ಶಬ್ದವಂತೆ.

"ನಿನ್ನ ಅಮ್ಮನಿಗೆ ಹೇಳು."

ನಾಲ್ಕು ಭಾನುವಾರ ನನಗೆ ನೆನಪಿದೆ. ನಾಲ್ಕೂ ಸಲ ನೀನು ಅದನ್ನು ನನ್ನ ಮಂಡಿಗೋ ಊಟಕ್ಕೋ ತಂದು ಕಟ್ಟಿದ್ದೀಯ.

ಆಡಿದ್ದು ಆಡಿದ ಹಾಗೇ ಇರಬೇಕು. ನಾನು ನನ್ನ ಕಸುಬಿನಲ್ಲಿ ಹಿಡಿದು ನಿಂತ ಹಟ ಅದೊಂದೇ. ದೊಡ್ಡ ದೊಡ್ಡವರು ಸಭೆ ಮುಗಿದ ಮೇಲೆ ನನ್ನ ಮೇಜಿಗೆ ಬಂದು "ಆ ಒಂದು ಮಾತು ತೆಗೆದುಬಿಡಮ್ಮ, ಬಾಯಿತಪ್ಪಿ ಬಂತು" ಎಂದು ಹಲ್ಲು ಕಿರಿಯುತ್ತಿದ್ದರು. ಒಬ್ಬರಿಗೂ ತೆಗೆಯಲಿಲ್ಲ. ಬಡ್ತಿ ಹೋಯಿತು, ಮಾತು ಉಳಿಯಿತು. ಆ ಹಟದ ಹೊಟ್ಟೆಯಲ್ಲಿ ಹುಟ್ಟಿದವಳು ನೀನು.

ಏನು ಹೇಳಬೇಕಂತೆ ನನಗೆ?

ನಿನ್ನ ಅಮ್ಮ


ಫೆಬ್ರುವರಿ ೧೬

ಮಾನ್ಯ ಟೀಚರ್,

ನಿಮ್ಮ ಪರಿಚಯ ನನಗಿಲ್ಲ. ನೀವು ಪಾಠ ಹೇಳುತ್ತಿರುವ, ಬಲಗೈ ಬೆರಳು ನಿಲ್ಲದ ಹೆಂಗಸಿನ ಮಗಳು ನಾನು. ಕನ್ನಡಕದ ಅಂಗಡಿಯ ಫಲಕದ ಫೋಟೋ ಹುಡುಕಿ ಈ ವಿಳಾಸ ಹಿಡಿದೆ. ಈ ಪತ್ರ ಅಮ್ಮನಿಗೆ ಕಾಣಬಾರದು.

ನೀವು ಹೆಚ್ಚುಕಡಿಮೆ ಊಹಿಸಿರುತ್ತೀರಿ. ನನ್ನ ಗಂಡ ನನ್ನನ್ನು ಬಿಟ್ಟು ಹೋಗಿ ವರ್ಷವಾಗುತ್ತ ಬಂತು. ಬೇರೆ ಊರಿನಲ್ಲಿ ಬೇರೆಯವಳ ಜೊತೆ ಇದ್ದಾನೆ. ವಾಪಸು ಬರುವುದಿಲ್ಲ ಎಂದು ಅವನ ತಾಯಿಗೇ ಹೇಳಿದ್ದಾನೆ. ನಾನಿರುವುದು ಅತ್ತೆಯ ಮನೆಯಲ್ಲಿ. "ಹೋದವನು ಅವನು, ನೀನ್ಯಾಕೆ ಹೋಗ್ತೀಯ, ಕೂತ್ಕೋ" ಎಂದು ಅವರೇ ಇಟ್ಟುಕೊಂಡಿದ್ದಾರೆ.

ಈಗ ಅತ್ತೆಗೆ ಹೃದಯದ ಕವಾಟದ ಆಪರೇಷನ್ ಆಗಬೇಕು. ತಡ ಮಾಡುವ ಹಾಗಿಲ್ಲ. ಅವರು ಒಪ್ಪುತ್ತಿಲ್ಲ. "ನಾನು ಆ ಮೇಜಿನ ಮೇಲೆ ಸತ್ತರೆ ಮನೆ ಮಗನ ಪಾಲು, ನೀನು ಬೀದಿ ಪಾಲು. ನಿನ್ನ ತಾಯಿಗೆ ಗೊತ್ತಾಗಲಿ, ನಿನಗೊಂದು ಬಾಗಿಲು ತೆರೆದಿರಲಿ, ಆಮೇಲೆ ನಾನು ಆಸ್ಪತ್ರೆಗೆ ಹೋಗ್ತೀನಿ" ಎನ್ನುತ್ತಾರೆ. ಭಾನುವಾರ ಭಾನುವಾರ ಅಮ್ಮನ ಮುಂದೆ ಕೂತು ಅದನ್ನೇ ಹೇಳುತ್ತಾರೆ. ನಾನೇ ಬಾಯಿಬಿಟ್ಟು ಹೇಳಬೇಕಂತೆ, ಬೇರೆ ಯಾರೂ ಹೇಳಬಾರದಂತೆ. ನಾನು ಅದನ್ನು ಮಂಡಿನೋವು ಮಾಡಿ ಅಮ್ಮನಿಗೆ ಕೊಡುತ್ತೇನೆ.

ಯಾಕೆ ಹೇಳುವುದಿಲ್ಲ ಎಂದು ನೀವು ಕೇಳಬಹುದು. ಅಮ್ಮನಿಗೆ ಯಾವುದೂ ಮರೆಯುವುದಿಲ್ಲ. ನನ್ನ ಸೋದರಮಾವ ಎಂದೋ ಒಂದು ವ್ಯಾಪಾರದಲ್ಲಿ ಸೋತದ್ದನ್ನು ಇವತ್ತಿಗೂ ದಿನಾಂಕ ಸಮೇತ ಹೇಳುತ್ತಾಳೆ. ಪ್ರೀತಿಯಿಂದಲೇ ಹೇಳುತ್ತಾಳೆ, ಅದು ಇನ್ನೂ ಕಷ್ಟ. ನನ್ನ ಮದುವೆಯ ದಿನ ಎಲ್ಲರ ಮುಂದೆ ಅಂದಳು: "ಲಿಫ್ಟಿನವನು ಕಣೆ. ನಗ್ತಾ ಮೇಲೆ ಕರ್ಕೊಂಡು ಹೋಗ್ತಾನೆ, ಆಮೇಲೆ ಬಾಗಿಲು ತೆಗೆದು ಇಳೀರಿ ಅಂತಾನೆ." ಎಲ್ಲರೂ ನಕ್ಕರು. ನಾನೂ ನಕ್ಕೆ. ಈಗ ಆ ಮಾತು ನಿಜವಾಯಿತು ಎಂದು ನಾನೇ ಅವಳ ಕೈಗೆ ಹೇಗೆ ಕೊಡಲಿ?

ಒಂದೇ ಬೇಡಿಕೆ. ನಿಧಾನವಾಗಿ ಕಲಿಸಿ. ಬಣ್ಣದ ಹೆಸರು, ತರಕಾರಿ ಹೆಸರು, ವಾರದ ದಿನಗಳು, ಹೀಗೆ ಏನಾದರೂ. ಅತ್ತೆಯ ಮಾತು ತಂದರೆ ಬೇರೆ ಅರ್ಥ ಹೇಳಿ. ನಾನೇ ದಾರಿ ಹುಡುಕಿಕೊಳ್ಳುವವರೆಗೆ ಸಾಕು.

ಇಂತಿ ನಮಸ್ಕಾರಗಳೊಂದಿಗೆ,
ನಿಮ್ಮ ಶಿಷ್ಯೆಯ ಮಗಳು


ಫೆಬ್ರುವರಿ ೧೬

ಅಮ್ಮಾ,

ಸರಿ, ಹೇಳುತ್ತೇನೆ. ನಿನ್ನಿಂದ ಮುಚ್ಚಿಟ್ಟಿದ್ದೆ. ಅತ್ತೆಗೆ ಹೃದಯದ ತೊಂದರೆ. ಆಪರೇಷನ್ ಆಗಬೇಕು. ನಿನಗೆ ಹೇಳು ಎಂದು ಅವರು ಅನ್ನುತ್ತಿದ್ದದ್ದು ಅದನ್ನೇ. ನೀನು ಸುಮ್ಮನೆ ಗಾಬರಿಯಾಗುತ್ತೀಯೆಂದು ನಾನು ಹೇಳಿರಲಿಲ್ಲ. ಇಷ್ಟೇ ವಿಷಯ.

ಇನ್ನು ಆ ಮೆಟ್ಟಿಲು ಹತ್ತುವುದು ನಿಲ್ಲಿಸಬಹುದಲ್ಲ?

ಇಂತಿ,
ಮಗಳು


ಫೆಬ್ರುವರಿ ೨೮

ಕುಳ್ಳಿ,

ಬೀಗಿತ್ತಿಯ ವಿಷಯ ಓದಿ ಮನಸ್ಸಿಗೆ ಕಷ್ಟವಾಯಿತು. ಧೈರ್ಯ ಹೇಳು. ನಾನು ಹೇಳಿದೆ ಎಂದು ಹೇಳು, ಹೇಳಿದ್ದನ್ನೇ ಹೇಳು.

ಆದರೆ ನನ್ನ ತಲೆ ಇನ್ನೂ ಕೆಟ್ಟಿಲ್ಲ. ಕಾಯಿಲೆಯ ಸುದ್ದಿಯನ್ನು ಕಾಯಿಲೆಯವರು ಹೇಳುವಾಗ ಎದೆ ಮುಟ್ಟಿಕೊಳ್ಳುತ್ತಾರೆ. ನಿನ್ನ ಅತ್ತೆ ಮುಟ್ಟುವುದು ನಿನ್ನ ತಲೆ. ಮಾತಿನ ನಡುವೆ ಬಾಗಿಲ ಕಡೆ ಕೈ ತೋರಿಸುತ್ತಾರೆ. ನಿಮ್ಮ ಗೋಡೆಯ ಮೇಲೆ, ಕ್ಯಾಲೆಂಡರಿನ ಪಕ್ಕ, ಒಂದು ಮೊಳೆಗೆ ಅಳಿಯನ ಕೆಲಸದ ಕೋಟು ಯಾವಾಗಲೂ ತೂಗಾಡುತ್ತಿತ್ತು. ಕಳೆದ ವರ್ಷದ ಫೋನುಗಳನ್ನೆಲ್ಲ ಕಣ್ಣುಮುಚ್ಚಿ ನೋಡಿದೆ. ಬಹಳ ದಿನದಿಂದ ಬರೀ ಮೊಳೆ ಇದೆ.

ತಾಯಿಗೆ ಇಷ್ಟು ದೊಡ್ಡ ಆಪರೇಷನ್ ಇರುವಾಗ ಮಗ ಎಲ್ಲಿ? ಯಾವ ಊರಿನ ಯಾವ ಲಿಫ್ಟು?

ಪಾಠ ನಿಲ್ಲಿಸುವುದಿಲ್ಲ. ನಾಳೆಗೆ ಇನ್ನೊಂದು ಮಾತು ಒಯ್ಯುತ್ತಿದ್ದೇನೆ.

ನಿನ್ನ ಅಮ್ಮ


ಮಾರ್ಚ್ ೧

ನಿಮ್ಮ ಪತ್ರ ತಲುಪಿತು. ಓದಿ ಹರಿದುಹಾಕಿದ್ದೇನೆ. ನಿಮ್ಮ ತಾಯಿಯವರಿಗೆ ತೋರಿಸಿಲ್ಲ, ತೋರಿಸುವುದೂ ಇಲ್ಲ.

ಆದರೆ ನಿಧಾನವಾಗಿ ಕಲಿಸುವುದು ನನಗೆ ಬರುವುದಿಲ್ಲ, ಸುಳ್ಳು ಕಲಿಸುವುದಂತೂ ದೂರ ಉಳಿಯಿತು. ಅದೂ ಅಲ್ಲದೆ, ಅವರು ತರಕಾರಿ ಹೆಸರು ಕೇಳಲು ಮೆಟ್ಟಿಲು ಹತ್ತುತ್ತಿಲ್ಲ. ನಿಮ್ಮ ಕೈಯಲ್ಲಿರುವ ಸಮಯ ನೀವು ಅಂದುಕೊಂಡಷ್ಟಿಲ್ಲ.

ಇಂತಿ,
ಟೀಚರ್


ಮಾರ್ಚ್ ೨

ಪೂಜ್ಯರಿಗೆ ನಮಸ್ಕಾರ.

ನೀವು ನಿನ್ನೆ ಪಾಠದ ನಡುವೆ ಎದ್ದು ಹೋದಿರಿ. ಕೊಡೆ ಇಲ್ಲೇ ಉಳಿದಿದೆ. ಕನ್ನಡಕದ ಅಂಗಡಿಯಲ್ಲಿ ಕೊಟ್ಟಿರುತ್ತೇನೆ. ಹಿಡಿಕೆಯಿಲ್ಲದ ಮೆಟ್ಟಿಲನ್ನು ನೀವು ಗೋಡೆ ಮುಟ್ಟದೆ ಇಳಿದದ್ದನ್ನು ಮೇಲಿನಿಂದ ನೋಡಿದೆ. ಇನ್ನೊಮ್ಮೆ ಹಾಗೆ ಮಾಡಬೇಡಿ.

"ನನ್ನ ಮಗ ಇವಳನ್ನು ಬಿಟ್ಟುಹೋದ, ಇನ್ನು ಬರುವುದಿಲ್ಲ." ನೀವು ತಂದ ಮಾತಿಗೆ ಬೇರೆ ಅರ್ಥ ಇರಬಹುದೇ ಎಂದು ಮೂರು ಸಲ ಕೇಳಿದಿರಿ. ಕನ್ನಡದಲ್ಲೇ ಕೇಳಿದಿರಿ. ನಾನು ಕಿಟಕಿ ತೆರೆಯಿರಿ ಎನ್ನಲಿಲ್ಲ. ಬೇರೆ ಅರ್ಥ ಇಲ್ಲ. ಇದ್ದಿದ್ದರೆ ನಾನೇ ಹುಡುಕಿ ಕೊಡುತ್ತಿದ್ದೆ.

ಬಾಗಿಲಲ್ಲಿ ನಿಂತು ನೀವು "ಅವಳು ನಾಲಿಗೆ ತಿರುಚಿದಳು, ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು" ಎಂದಿರಿ. ಅದಕ್ಕೆ ಉತ್ತರ ಕೊಡುವಷ್ಟು ಸಲಿಗೆ ನನಗೆ ನಿಮ್ಮಲ್ಲಿಲ್ಲ. ಆದರೂ ಒಂದು ವಿಚಾರ. ನೀವು ನನ್ನ ಕೋಣೆಯಲ್ಲಿ ಆಡಿರುವ ಅರ್ಧ ಮಾತು ಯಾರು ಯಾವಾಗ ಏನು ತಪ್ಪು ಮಾಡಿದರು ಎನ್ನುವುದೇ. ಕೇಳಲು ಬಹಳ ಚೆನ್ನಾಗಿರುತ್ತದೆ. ಆದರೆ ನಾನು ನಿಮ್ಮ ಮಗಳಾಗಿದ್ದರೆ, ನನ್ನ ಸೋಲನ್ನು ನಿಮಗೆ ಎಲ್ಲರಿಗಿಂತ ಕೊನೆಯಲ್ಲಿ ಹೇಳುತ್ತಿದ್ದೆ.

ಶುಕ್ರವಾರ ತಪ್ಪದೆ ಬನ್ನಿ. ಹಿಂದೆ ನಡೆದದ್ದನ್ನು ಹೇಳುವ ಪಾಠ ಇನ್ನೂ ಆಗಿಲ್ಲ.

ಇಂತಿ,
ಟೀಚರ್


ಮಾರ್ಚ್ ೧೦

ಕುಳ್ಳಿ,

ಈ ಪತ್ರದಲ್ಲಿ ವಿಶೇಷ ಏನೂ ಇಲ್ಲ.

ಹಿಂದಿನ ಕೋಣೆ ಖಾಲಿ ಮಾಡಿಸಿದೆ. ನನ್ನ ಹಳೇ ಪತ್ರಿಕೆಗಳ ಕಟ್ಟುಗಳನ್ನೆಲ್ಲ ತೆಗೆಸಿದೆ. ಅವು ಇನ್ನು ಯಾತಕ್ಕೂ ಬೇಡ. ರದ್ದಿಯವನು "ಇಷ್ಟು ವರ್ಷ ಯಾಕಮ್ಮಾ ಇಟ್ಕೊಂಡಿದ್ರಿ?" ಎಂದ. "ಜಗಳಕ್ಕೆ ಬೇಕಾಗತ್ತೆ ಅಂತ" ಎಂದೆ. ಕಿಟಕಿಯ ಪಕ್ಕ ಮೇಜು ಹಾಕಿಸಿದ್ದೇನೆ, ಸೂಕ್ಷ್ಮ ಕೆಲಸ ಮಾಡುವವರಿಗೆ ಬೆಳಕು ಎಡಗಡೆಯಿಂದ ಬೀಳಬೇಕಲ್ಲ. ಹೊಸ ಬಲ್ಬು, ಹೊಸ ಹಾಸಿಗೆ. ಯಾರಾದರೂ ಬಂದರೆ ಇರಲಿ ಎಂದು. ಬಂದವರು ಎಷ್ಟು ದಿನ ಇದ್ದರೂ ಇರಲಿ ಎಂದು.

ಪಾಸ್‌ಪೋರ್ಟ್ ಬಂತು. ಫೋಟೋದಲ್ಲಿ ಕಳ್ಳಿಯ ಹಾಗೆ ಕಾಣುತ್ತೇನೆ.

ಇನ್ನೊಂದು. ನಿನ್ನ ಮದುವೆಯ ದಿನ ನಾನು ಎಲ್ಲರ ಮುಂದೆ ಏನೋ ಒಂದು ತಮಾಷೆ ಮಾಡಿದೆನಂತೆ, ಎಲ್ಲರೂ ನಕ್ಕರಂತೆ. ಏನು ಅಂದೆ ಎಂದು ಎಷ್ಟು ಯೋಚಿಸಿದರೂ ಹೊಳೆಯುತ್ತಿಲ್ಲ. ವಯಸ್ಸಾಯಿತು. ಮರೆತುಹೋಗಿದೆ.

ನಿನಗೆ ನನಗೆ ಹೇಳಬೇಕಾದ್ದು ಏನಾದರೂ ಇದ್ದರೆ ಬರೆ. ಇಲ್ಲದಿದ್ದರೆ ಹಲ್ಲಿನ ವಿಷಯ ಬರೆ.

ನಿನ್ನ ಅಮ್ಮ


ಮಾರ್ಚ್ ೨೧

ಅಮ್ಮಾ,

ನಿನಗೆ ಮರೆತುಹೋಯಿತೇ? ನಿನಗೆ? ಆರೋಗ್ಯ ಸರಿಯಾಗಿದೆಯಾ? ಆ ವಾಕ್ಯವನ್ನು ಎರಡು ಸಲ ಓದಿದೆ. ಡಾಕ್ಟರಿಗೆ ತೋರಿಸು.

ಹೇಳುವಂಥದ್ದು ಏನೂ ಇಲ್ಲ. ಆಸ್ಪತ್ರೆಯವರು ಏಪ್ರಿಲ್ ಹದಿನೈದಕ್ಕೆ ಆಪರೇಷನ್ ಇಟ್ಟಿದ್ದಾರೆ. ಅತ್ತೆ ಚೀಲ ತುಂಬುತ್ತಾರೆ, ಮತ್ತೆ ಖಾಲಿ ಮಾಡುತ್ತಾರೆ. ಅವರ ಉಸಿರು ಈಗ ಅಡುಗೆಮನೆಯಿಂದ ಹೊಲಿಗೆಯಂತ್ರದವರೆಗೆ ನಡೆಯುವುದಕ್ಕೂ ಸಾಲುತ್ತಿಲ್ಲ. ತುಟಿ ನೀಲಿಯಾಗುತ್ತದೆ. ಗಿರಾಕಿಗಳ ಬಟ್ಟೆಗೆ ನಾನೇ ಅಂಚು ಹೊಲಿಯುತ್ತಿದ್ದೇನೆ, ವಾರೆಯಾಗಿ.

ಅಮ್ಮಾ, ಒಂದು ಉಪಕಾರ ಮಾಡು. ಯಾಕೆ ಎಂದು ಕೇಳಬೇಡ. ಹದಿನೈದಕ್ಕೆ ಮುಂಚಿನ ಭಾನುವಾರ ಅತ್ತೆ ನಿನ್ನನ್ನು ನೇರವಾಗಿ ಒಂದು ಪ್ರಶ್ನೆ ಕೇಳಬಹುದು. ಏನು ಕೇಳಿದರೂ ಸುಮ್ಮನೆ ಹೌದು ಎಂದು ತಲೆಯಾಡಿಸು. ನಾನು ನಿನಗೆ ಏನಾದರೂ ಒಂದು ಅರ್ಥ ಹೇಳುತ್ತೇನೆ, ನೀನು ತಲೆಯಾಡಿಸಿಬಿಡು. ಅಷ್ಟಾದರೆ ಅವರು ಆಸ್ಪತ್ರೆಗೆ ಹೋಗುತ್ತಾರೆ. ಇಲ್ಲದಿದ್ದರೆ ಹೋಗುವುದಿಲ್ಲ.

ಇಷ್ಟು ವರ್ಷದಲ್ಲಿ ನಿನ್ನನ್ನು ಬೇರೆ ಏನೂ ಕೇಳಿಲ್ಲ.

ಇಂತಿ,
ಮಗಳು


ಏಪ್ರಿಲ್ ೩

ಕುಳ್ಳಿ,

ನಗರಸಭೆಯ ದೊಡ್ಡ ದೊಡ್ಡ ಧುರೀಣರು ನನ್ನಿಂದ ಮಾಡಿಸಲು ಆಗದ್ದನ್ನು ನೀನು ಒಂದು ಹಾಳೆಯಲ್ಲಿ ಕೇಳಿದ್ದೀಯ.

ಯೋಚಿಸುತ್ತೇನೆ.

ನಿನ್ನ ಅಮ್ಮ


ಏಪ್ರಿಲ್ ೧೨, ಭಾನುವಾರ

ಕುಳ್ಳಿ,

ಫೋನಿಟ್ಟ ಕೂಡಲೇ ಬರೆಯಲು ಕೂತಿದ್ದೇನೆ. ನೀನು ಅಲ್ಲೇ ಇದ್ದೆ, ನಿನಗೆ ಎಲ್ಲ ಗೊತ್ತು. ಆದರೂ ನಡೆದದ್ದನ್ನು ನಡೆದ ಹಾಗೆ ಬರೆಯದಿದ್ದರೆ ನನಗೆ ಅನ್ನ ಇಳಿಯುವುದಿಲ್ಲ.

ಬೀಗಿತ್ತಿ ಕೊರಳಲ್ಲಿ ಕತ್ತರಿ ಇಲ್ಲದೆ ಕೂತಿದ್ದರು. ಹಿಂದೆ ನೆಲದ ಮೇಲೆ ಕಂದು ಬಣ್ಣದ ಚೀಲ, ಬಾಯಿ ತೆರೆದೇ ಇತ್ತು. ನೀನು ಅವರ ಎಡಕ್ಕೆ. ನಿನ್ನ ಮುಖ ನೋಡಿದರೆ ನಿನ್ನನ್ನೇ ಆಪರೇಷನ್‌ಗೆ ಕರೆದೊಯ್ಯುತ್ತಾರೆ ಎಂದುಕೊಳ್ಳಬೇಕು. ಅವರು ನನ್ನನ್ನು ನೋಡಿ, ಕಿವುಡರಿಗೆ ಹೇಳುವಂತೆ ಬಿಡಿಸಿ ಬಿಡಿಸಿ ಕೇಳಿದರು: "ಇವಳು ನಿಮಗೆ ಹೇಳಿದಳಾ? ಇವಳೇ? ತನ್ನ ಬಾಯಿಂದ?"

ನೀನು ಅಂದೆ: "ಮಂಡಿ ನೋವು ಕಮ್ಮಿ ಆಯ್ತಾ ಅಂತ ಕೇಳ್ತಿದ್ದಾರೆ ಕಣಮ್ಮ."

ನಾನು ತಲೆಯಾಡಿಸಲಿಲ್ಲ. ತಲೆಯಾಡಿಸುವುದು ಹೇಡಿಗಳ ಕೆಲಸ. ಸಭೆಯಲ್ಲಿ ಅಂಥವರು ಬೇಕಾದಷ್ಟು ಇದ್ದರು, ನಾಳೆ ಕೇಳಿದರೆ ನೊಣ ಓಡಿಸುತ್ತಿದ್ದೆ ಎನ್ನುವವರು. ಸುಳ್ಳು ಹೇಳುವುದಾದರೆ ಬಾಯಿಬಿಟ್ಟು ಹೇಳಬೇಕು.

ಅದಕ್ಕೇ ಬಾಯಿಬಿಟ್ಟೆ. ಪೋರ್ಚುಗೀಸಿನಲ್ಲಿ. ಈ ವಾಕ್ಯವನ್ನು ಟೀಚರಮ್ಮನ ಮುಂದೆ ಕೂತು ನಾಲಿಗೆ ನೋಯುವಷ್ಟು ಉರುಹೊಡೆದಿದ್ದೆ. "ಹೇಳಿದಳು. ಅವಳೇ ಹೇಳಿದಳು. ನಿಮ್ಮ ಮಗ ಹೋದದ್ದು, ನೀವು ಇವಳನ್ನು ಉಳಿಸಿಕೊಂಡದ್ದು, ಎಲ್ಲ. ನನ್ನ ಮನೆಯಲ್ಲಿ ಇವಳಿಗೆ ಕೋಣೆ ಸಿದ್ಧವಾಗಿದೆ. ನೀವು ನಿಶ್ಚಿಂತೆಯಿಂದ ಆಸ್ಪತ್ರೆಗೆ ಹೋಗಿ."

ನೀನು ಕುರ್ಚಿಯ ತೋಳು ಹಿಡಿದುಕೊಂಡೆ. ಅವರು ನನ್ನನ್ನೇ ನೋಡಿದರು. ನಂಬಿದರೋ, ನಂಬಿದಂತೆ ಮಾಡಿದರೋ ನನಗೆ ತಿಳಿಯಲಿಲ್ಲ. ಆ ವಿಷಯದಲ್ಲಿ ಅವರೂ ಕಮ್ಮಿಯವರಲ್ಲ. ಆಮೇಲೆ ಬಗ್ಗಿ ಚೀಲದ ಜಿಪ್ಪು ಎಳೆದರು. ಎದ್ದವರೇ ನನಗೊಂದು ಮಾತು ಅಂದರು. ನೀನು ಅಳುತ್ತಿದ್ದೆ, ಕನ್ನಡಕ್ಕೆ ತರಲಿಲ್ಲ. ತರಬೇಕಾಗಿಯೂ ಇರಲಿಲ್ಲ. "ನಿಮ್ಮ ಉಚ್ಚಾರಣೆ ಕೇಳಿದರೆ ನಾಯಿ ಓಡಿಹೋಗುತ್ತದೆ" ಎಂದರು.

ಈಗ ನನ್ನ ಮಾತು ಕೇಳು. ನನ್ನ ಬಾಯಿಂದ ಒಂದು ಸುಳ್ಳು ಹೊರಬಿದ್ದಿದೆ. ಅದನ್ನು ಹಿಂದಕ್ಕೆ ತೆಗೆದುಕೊಳ್ಳುವವಳಲ್ಲ ನಾನು, ತೆಗೆದುಕೊಂಡರೆ ಅಲ್ಲೊಬ್ಬರು ಆಸ್ಪತ್ರೆಯಿಂದ ಎದ್ದು ಬಂದುಬಿಡುತ್ತಾರೆ. ಹಾಗಾಗಿ ಅದು ನಿಜವಾಗಬೇಕು, ನಿಜ ಮಾಡಬೇಕಾದವಳು ನೀನು. ನಾನು ಎಲ್ಲಿಂದಲೋ ಕದ್ದು ಕೇಳಿದ್ದನ್ನು ಬಿಡು, ಅದು ಲೆಕ್ಕಕ್ಕಿಲ್ಲ. ನೀನು ಹೇಳು. ಮೊದಲಿನಿಂದ ಹೇಳು. ನಡುವೆ ಬಾಯಿ ಹಾಕುವುದಿಲ್ಲ. ಆಮೇಲೂ ಯಾರಿಗೂ, ಯಾವತ್ತೂ, ನಿನಗೂ ಅದನ್ನು ಓದಿ ಹೇಳುವುದಿಲ್ಲ.

ಈ ಪತ್ರವನ್ನು ಬೆಸುಗೆಯವನ ಕೈಯಲ್ಲಿ ಕಳಿಸುತ್ತಿದ್ದೇನೆ. ಅವನು ನಾಳೆ ಹೊರಡುತ್ತಾನೆ, ನಿನ್ನ ಊರಿನ ಮೇಲೆಯೇ ಹೋಗುತ್ತಾನಂತೆ. ಬೈಗುಳ ಕಲಿತು ಹೊರಟಿದ್ದಾನೆ. ಊಟ ಹಾಕಿ ಕಳಿಸು.

ನಿನ್ನ ಅಮ್ಮ


ಏಪ್ರಿಲ್ ೧೫

ಅಮ್ಮಾ,

ಆಸ್ಪತ್ರೆಯ ಎರಡನೇ ಮಹಡಿಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಬೆಳಿಗ್ಗೆ ಅತ್ತೆಯನ್ನು ಒಳಗೆ ಕರೆದುಕೊಂಡು ಹೋದರು. ಗಾಲಿಮಂಚದ ಮೇಲೆ ಮಲಗಿದ್ದವರು ನನ್ನ ಮಣಿಕಟ್ಟು ಹಿಡಿದು ಹತ್ತಿರ ಎಳೆದುಕೊಂಡರು. "ನಿನ್ನ ತಾಯಿ ಚೆನ್ನಾಗಿ ಸುಳ್ಳು ಹೇಳ್ತಾರೆ. ನಾನು ಹೊರಗೆ ಬರೋ ಹೊತ್ತಿಗೆ ಬರೆದು ಮುಗಿಸಿರಬೇಕು" ಎಂದರು. ಕತ್ತರಿಯನ್ನು ನನ್ನ ಕೊರಳಿಗೆ ಹಾಕಿ ಹೋದರು. ಹೋಗುವವರು ಬರುವವರೆಲ್ಲ ನನ್ನನ್ನು ನೋಡುತ್ತಿದ್ದಾರೆ.

ಹೇಳುತ್ತೇನೆ. ಬರೆದುಕೋ.

ಅವನು ಹೋದದ್ದು ಒಂದು ಸೋಮವಾರ. ಬೆಳಿಗ್ಗೆ ಅಡುಗೆಮನೆಯ ನಲ್ಲಿ ಸರಿಮಾಡಿದ, ಬಹಳ ದಿನದಿಂದ ತೊಟ್ಟಿಕ್ಕುತ್ತಿತ್ತು. ಎಂದೂ ಮಾಡದವನು ಮಾಡಿದನಲ್ಲ ಎಂದು ನನಗೆ ಖುಷಿಯಾಯಿತು. ಲ್ಯಾಬಿಗೆ ಹೋಗಿ ಎಲ್ಲರಿಗೂ ಹೇಳಿಕೊಂಡೆ. ಸಂಜೆ ಬಂದರೆ ಮೊಳೆಯ ಮೇಲೆ ಕೋಟು ಇರಲಿಲ್ಲ. ಅತ್ತೆ ಹೊಲಿಗೆಯಂತ್ರದ ಮುಂದೆ ಕೂತಿದ್ದರು, ಕಾಲು ತುಳಿಯುತ್ತಿತ್ತು, ಯಂತ್ರದಲ್ಲಿ ಬಟ್ಟೆಯೇ ಇರಲಿಲ್ಲ. "ಅವನು ನನಗೆ ಹೇಳಿ ಹೋದ, ನಿನಗೆ ಹೇಳೋಕೆ ಮುಖ ಇರ್ಲಿಲ್ಲ" ಎಂದರು. ನನಗೆ ಮೊದಲು ಬಂದ ಯೋಚನೆ ಅವನದ್ದಲ್ಲ ಅಮ್ಮ, ನಿನ್ನದು. ಅಮ್ಮನಿಗೆ ಗೊತ್ತಾಗಬಾರದು ಎಂದು. ಅಳುವುದಕ್ಕೂ ಮುಂಚೆ ಅದು ಬಂತು. ಇದನ್ನು ಹೇಳುವುದು ಮಿಕ್ಕ ಎಲ್ಲಕ್ಕಿಂತ ಕಷ್ಟ. ಆದರೂ ನೀನೇ ಮೊದಲಿನಿಂದ ಹೇಳು ಅಂದೆ.

ಆ ನಲ್ಲಿ ಮತ್ತೆ ತೊಟ್ಟಿಕ್ಕುತ್ತಿದೆ. ನಾನು ಸರಿಮಾಡಿಸಿಲ್ಲ. ಇನ್ನು ಮಾಡಿಸುತ್ತೇನೆ.

ಕೋಣೆಯ ಮೇಜು ಕಿಟಕಿಗೆ ತೀರಾ ಹತ್ತಿರ ಹಾಕಬೇಡ, ಹಲ್ಲಿನ ಪುಡಿ ಗಾಳಿಗೆ ಹಾರುತ್ತದೆ. ಯಾವಾಗ ಬರುತ್ತೇನೋ ಗೊತ್ತಿಲ್ಲ. ಅತ್ತೆ ಹುಷಾರಾಗಿ ನಡೆಯುವವರೆಗೆ ಇಲ್ಲೇ ಇರಬೇಕು. ನೀನೇ ಬಾ. ಅವರ ಜೊತೆ ಜಗಳವಾಡಲು ನಿನಗೆ ಇನ್ನು ನಡುವೆ ನಾನು ಬೇಕಾಗಿಲ್ಲ.

ನಿನ್ನ ಬೆಸುಗೆಯವನು ಎರಡು ತಟ್ಟೆ ಊಟ ಮಾಡಿದ. ಒಂದೂ ಬೈಗುಳ ಆಡಲಿಲ್ಲ, ಪಾಪ, ನಾಚಿಕೊಂಡೇ ಕೂತಿದ್ದ.

ನರ್ಸ್ ಬಂದು ಹೋದಳು. ಎಲ್ಲ ಸರಿಯಾಗಿ ಆಗಿದೆಯಂತೆ. ಅತ್ತೆ ಕಣ್ಣು ಬಿಟ್ಟಿದ್ದಾರೆ, ಇನ್ನೂ ಮಂಪರು. ಮೊದಲು ಕೇಳಿದ್ದು, "ಅವಳು ಬರೆದು ಮುಗಿಸಿದಳಾ?" ಎಂದಂತೆ.

ಮುಗಿಸಿದೆ ಎಂದು ಹೇಳಿ ಕಳಿಸಿದ್ದೇನೆ. ಈ ಸಲ ಅವರಿಗೆ ಹೇಳಿದ್ದು ಸುಳ್ಳಲ್ಲ.

ನಿನ್ನ ಕುಳ್ಳಿ